ಆರನೆಯ ಬಾವುಟ

ಭಾನುವಾರ ಒಂದು ಒಳ್ಳೆಯ ಮಳೆ ಬಿತ್ತು. ಅನಾಹುತವೆಲ್ಲ ಶುರುವಾದದ್ದು ಅಲ್ಲಿಂದಲೇ.

ಆಗಸ್ಟ್ ತಿಂಗಳಲ್ಲಿ ಅಂಥ ಮಳೆ ಬಿದ್ದ ಮೂರನೆಯ ದಿನಕ್ಕೆ ಲಿಂಡಮೋಲಾ ಊರಿನ ಕಾಡುಗಳಲ್ಲಿ ಹಳದಿ ಕಂಟರೆಲ್ ಅಣಬೆ ಏಳುತ್ತದೆ. ಎಲ್ಲಿ ಏಳುತ್ತದೆ ಎಂಬುದನ್ನು ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ. ಕನ್ನಡಕದ ಅಂಗಡಿ ಇಟ್ಟಿರುವ ಫೋಲ್ಕೆಗೆ ಏಳು ವರ್ಷವಿದ್ದಾಗ ಅವನ ಅಜ್ಜಿ ಒಂದು ಜಾಗ ತೋರಿಸಿದ್ದಳು. ಸ್ವಾರ್ಟ್‌ಮೋ ಕಾಡಿನ ನಡುವೆ, ಕೊಟ್ಟಿಗೆಯಷ್ಟು ದೊಡ್ಡ ಬಂಡೆಯೊಂದರ ಉತ್ತರಕ್ಕೆ, ಪಾಚಿಯ ಮೇಲೆ ಹಳದಿ ಹಾಸಿದಂತೆ ಏಳುತ್ತಿದ್ದ ಅಣಬೆ. ಆಮೇಲೆ ನಲವತ್ತೊಂಬತ್ತು ವರ್ಷ ಫೋಲ್ಕೆ ಅದನ್ನು ಹೆಂಡತಿ ಗುನ್ವೋರ್‌ಗೂ ಹೇಳಿರಲಿಲ್ಲ. ಅಣಬೆ ಮನೆಗೆ ಬರುತ್ತಿತ್ತು, ಅವಳು ಬೆಣ್ಣೆಯಲ್ಲಿ ಹುರಿಯುತ್ತಿದ್ದಳು, ಎಲ್ಲಿಂದ ತಂದೆ ಎಂದು ಕೇಳುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರ ಸುಸೂತ್ರವಾಗಿ ನಡೆದಿದ್ದರೆ ಇದೂ ಒಂದು ಕಾರಣ.

ಸೋಮವಾರ ಬೆಳಿಗ್ಗೆ ಓಟದ ಸಂಘದ ಫಲಕದಲ್ಲಿ ಚೀಟಿ ಬಿತ್ತು. ‘ಶನಿವಾರದ ಸಂಘದ ಚಾಂಪಿಯನ್‌ಷಿಪ್ ಸ್ವಾರ್ಟ್‌ಮೋ ಕಾಡಿನಲ್ಲಿ. ಇಂದಿನಿಂದ ಆ ಕಾಡು ಓಟಗಾರರಿಗೆ ನಿಷಿದ್ಧ. ಕಾಲಿಟ್ಟವರು ಓಟದಿಂದ ಹೊರಗೆ. ಇಂತಿ, ಟೀರಾ.’

ಫೋಲ್ಕೆ ಚೀಟಿಯನ್ನು ಎರಡು ಸಲ ಓದಿದ. ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ಬಾವುಟ ಹುಡುಕುತ್ತ ಓಡುವ ಈ ಆಟದಲ್ಲಿ ಯಾರೂ ಜಾಗವನ್ನು ಮೊದಲೇ ನೋಡಿಕೊಂಡು ಬರಕೂಡದು. ಈ ಕಟ್ಟಳೆಯನ್ನು ಮುರಿದವನಿಗೆ ಊರಿನಲ್ಲಿ ಕಾಫಿ ಕೊಡುವವರೂ ಇರುವುದಿಲ್ಲ. ಇತ್ತ ಅಣಬೆ ಏಳುವ ಹೊತ್ತು, ಅತ್ತ ಕಾಡಿಗೆ ಬೀಗ.

ಹಾಗೆಂದು ಓಟವನ್ನು ಬಿಡುವಂತೆಯೂ ಇರಲಿಲ್ಲ. ಐವತ್ತು ದಾಟಿದವರ ವರ್ಗಕ್ಕೆ ಬಹುಮಾನ ಒಂದು ಹಳೆಯ ತಾಮ್ರದ ಕಾಫಿ ಕೆಟಲು. ಹನ್ನೊಂದು ವರ್ಷಗಳಿಂದ ಅದು ಇರುವುದು ಪಕ್ಕದ ಮನೆಯ ಸಿಕ್ಸ್ಟೆನ್‌ನ ಅಡುಗೆಮನೆಯಲ್ಲಿ. ಸಿಕ್ಸ್ಟೆನ್ ಗುನ್ವೋರ್‌ಳ ಸ್ವಂತ ಅಣ್ಣ. ಊರಿನ ಮನೆಗಳ ಹೊಗೆಗೂಡು ಗುಡಿಸುವುದು ಅವನ ಕೆಲಸ, ಛಾವಣಿ ಹತ್ತಿ ಇಳಿದು ಕಾಲು ಕಬ್ಬಿಣವಾಗಿತ್ತು. ಹನ್ನೊಂದು ವರ್ಷವೂ ಎರಡನೆಯವನು ಫೋಲ್ಕೆ. ಪ್ರತಿ ಭಾನುವಾರ ಸಿಕ್ಸ್ಟೆನ್ ಅದೇ ಕೆಟಲಿನಿಂದ ಅವನಿಗೆ ಕಾಫಿ ಬಗ್ಗಿಸುತ್ತಿದ್ದ. “ಕುಡಿ ಕುಡಿ, ನಿನಗೂ ಇದರ ರುಚಿ ಗೊತ್ತಾಗ್ಲಿ” ಎಂದು ಬೇರೆ ಹೇಳುತ್ತಿದ್ದ. ಈ ಸಲವಾದರೂ ಆ ಕೆಟಲು ಬೇಲಿ ದಾಟಿ ತನ್ನ ಮನೆಗೆ ಬರಬೇಕು ಎಂದು ಫೋಲ್ಕೆ ಚಳಿಗಾಲದಿಂದ ಒಂದೂ ಬನ್ ಮುಟ್ಟದೆ ಓಡಿದ್ದ.

ಸೋಮವಾರ ಸಂಜೆ ಚಳಿಗಾಲದಲ್ಲಿ ಹಿಮದ ಮೇಲೆ ಜಾರಾಟವಾಡುವ ಗುಡ್ಡವನ್ನು ಹನ್ನೆರಡು ಸಲ ಹತ್ತಿ ಇಳಿಯುವ ತಾಲೀಮು. ಆರನೆಯ ಸಲಕ್ಕೆ ಫೋಲ್ಕೆ ಏದುಸಿರು ಬಿಡುತ್ತ ಟೀರಾಳ ಬಳಿ ನಿಂತ. ಎಪ್ಪತ್ತನಾಲ್ಕು ವರ್ಷದ ಟೀರಾ ಮೊದಲು ಭೂಮಾಪನ ಇಲಾಖೆಯಲ್ಲಿದ್ದವಳು. ಓಟದ ದಾರಿ ಹಾಕುವುದು, ಬಾವುಟ ನೆಡುವುದು ಎಲ್ಲ ಅವಳೇ.

“ಟೀರಾ, ಸ್ವಾರ್ಟ್‌ಮೋನೇ ಯಾಕೆ? ಅಲ್ಲಿ ಉಣ್ಣೆ ಹುಳದ ಕಾಟ ಜಾಸ್ತಿ ಅಲ್ವಾ?”

“ನೀನು ಐದನೆಯವನು ಕಣೋ ಕೇಳ್ತಿರೋದು. ಒಬ್ಬ ಉಣ್ಣೆ ಅಂತಾನೆ, ಒಬ್ಬಳು ಕೆಸರು ಅಂತಾಳೆ. ನಿನ್ನ ಭಾವ ಬಂದು ಅಲ್ಲಿ ಕರಡಿ ಇದೆ ಅಂದ. ಈ ಜಿಲ್ಲೇಲಿ ಕರಡಿ! ಎಲ್ಲರಿಗೂ ವಯಸ್ಸಾಯ್ತು, ಅಷ್ಟೇ. ಹೋಗು, ಇನ್ನೂ ಆರು ಬಾಕಿ ಇದೆ.”

ಉಳಿದವರಿಗೂ ಆ ಕಾಡು ಯಾಕೆ ಬೇಡವಾಯಿತು ಎಂದು ಫೋಲ್ಕೆ ಯೋಚಿಸಬೇಕಿತ್ತು. ಯೋಚಿಸಲು ಉಸಿರಿರಲಿಲ್ಲ.

ಮಂಗಳವಾರ ನಕ್ಷೆಯನ್ನು ಒಂದು ನಿಮಿಷ ನೋಡಿ, ಮಡಿಸಿ ಕೊಟ್ಟು, ನೆನಪಿನಲ್ಲೇ ಓಡುವ ಅಭ್ಯಾಸ. ಫೋಲ್ಕೆಯ ನೆನಪಿನಲ್ಲಿ ಇದ್ದದ್ದು ಒಂದೇ ಜಾಗ. ಅವನು ಯಾವ ಬಾವುಟವನ್ನೂ ಮುಟ್ಟದೆ ಹಿಂದಿರುಗಿದ. ಬುಧವಾರ ದಿಕ್ಸೂಚಿಯ ಮುಳ್ಳನ್ನೇ ನಂಬಿ ನೇರ ಓಡಬೇಕಿತ್ತು. ಅವನ ಫೋನಿನ ಚೀಲಕ್ಕೆ ಅಯಸ್ಕಾಂತದ ಗುಂಡಿ ಇದ್ದದ್ದನ್ನು ಮರೆತು ಅದರ ಪಕ್ಕದಲ್ಲೇ ದಿಕ್ಸೂಚಿ ಹಿಡಿದ. ಮುಳ್ಳು ತೋರಿದ ಕಡೆಗೆ ಶಿಸ್ತಾಗಿ ಓಡಿ, ಬೇಲಿ ಹಾರಿ, ಯಾರದೋ ಹೋರಿಗಳ ನಡುವೆ ಬಿದ್ದ. ಹೋರಿಗಳು ಅವನನ್ನು ಬೇಲಿಯವರೆಗೆ ಬಹಳ ಮರ್ಯಾದೆಯಿಂದ ಓಡಿಸಿಕೊಂಡು ಬಂದವು. ಆ ವಾರ ಅವನು ಅತ್ಯಂತ ವೇಗವಾಗಿ ಓಡಿದ್ದು ಆಗಲೇ.

ಗುರುವಾರ ಓಟವಿಲ್ಲ. ಎಲ್ಲರೂ ಸಂಘದ ಗುಡಿಸಲಿನಲ್ಲಿ ಬಟಾಣಿ ಸಾರು, ಪ್ಯಾನ್‌ಕೇಕ್ ತಿನ್ನುವ ದಿನ. ಫೋಲ್ಕೆ ಪ್ಯಾನ್‌ಕೇಕನ್ನು ತಟ್ಟೆಯ ಅಂಚಿಗೆ ತಳ್ಳುವುದನ್ನು ಸಿಕ್ಸ್ಟೆನ್ ಕಂಡ.

“ತಿನ್ನೋ ಮಾರಾಯ. ಎರಡನೇ ಜಾಗಕ್ಕೆ ಇಷ್ಟು ಉಪವಾಸ ಬೇಕಾಗಿಲ್ಲ.”

“ಈ ಸಲ ನೋಡ್ತಾ ಇರು ಭಾವ. ಕೆಟಲನ್ನ ಚೆನ್ನಾಗಿ ತಿಕ್ಕಿ ಇಡು, ಮಸಿ ಇರೋದು ನನಗಾಗಲ್ಲ.”

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಹೊಸಬಳಾದ ಡಾಗ್ನಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಗೋಥೆನ್‌ಬರ್ಗ್‌ನಲ್ಲಿ ಮೂವತ್ತು ವರ್ಷ ಟ್ರಾಮ್ ಓಡಿಸಿ, ನಿವೃತ್ತಿಯಾಗಿ ಈ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಹಳಿ ಇಲ್ಲದ ಕಡೆ ಹೋಗಿ ಅಭ್ಯಾಸವಿರಲಿಲ್ಲ.

ಶುಕ್ರವಾರ ಚೀಟಿ ಎತ್ತಿದಾಗ ಎಂಟು ಜನರಲ್ಲಿ ಫೋಲ್ಕೆಗೆ ಮೊದಲ ಸರದಿ, ಸಿಕ್ಸ್ಟೆನ್‌ಗೆ ಎರಡನೆಯದು, ಡಾಗ್ನಿಗೆ ಕೊನೆಯದು. ಒಬ್ಬೊಬ್ಬರ ನಡುವೆ ಎರಡು ನಿಮಿಷ.

ಶನಿವಾರ ಹತ್ತು ಗಂಟೆಗೆ ಸೀಟಿ ಕೂಗಿತು. ಫೋಲ್ಕೆ ನಕ್ಷೆ ತಿರುಗಿಸಿದ. ಒಂದು, ಎರಡು, ಮೂರು, ಎಲ್ಲ ಸುಲಭ. ಆರನೆಯ ಬಾವುಟದ ವೃತ್ತ ಕಂಡಾಗ ಅವನ ಕಾಲು ತಾನಾಗಿಯೇ ನಿಂತಿತು. ವೃತ್ತದ ನಟ್ಟನಡುವೆ ಕೊಟ್ಟಿಗೆಯಷ್ಟು ದೊಡ್ಡ ಬಂಡೆ. ‘ಬಂಡೆಯ ಉತ್ತರಕ್ಕೆ’ ಎಂದು ಟೀರಾ ಗುರುತು ಬೇರೆ ಹಾಕಿದ್ದಳು. ಅಣಬೆಯೆಂದರೆ ಮೈತುಂಬ ದದ್ದು ಏಳುವ ಟೀರಾಗೆ ಬಂಡೆ ಕಾಣುತ್ತದೆ, ಬಂಡೆಯ ಬುಡ ಕಾಣುವುದಿಲ್ಲ.

ಐದು ಬಾವುಟಗಳನ್ನು ಅವನು ಹೇಗೆ ಮುಗಿಸಿದನೋ ಅವನಿಗೇ ತಿಳಿಯದು. ಬಂಡೆಯ ಬಳಿ ಬಂದರೆ ಕಿತ್ತಳೆ–ಬಿಳಿ ಬಾವುಟ ಕಬ್ಬಿಣದ ಕಡ್ಡಿಯ ಮೇಲೆ ನಿಂತಿದೆ, ಅದರ ಸುತ್ತ ಅಂಗೈಯಗಲದ ಅಣಬೆಗಳು, ಅಜ್ಜಿಯ ಕಾಲದಲ್ಲೂ ಕಾಣದಷ್ಟು. ಅವನ ಕಣ್ಣಲ್ಲಿ ನೀರೇ ಬಂತು. ಬೆರಳಿಗೆ ಕಟ್ಟಿದ ಕಡ್ಡಿಯನ್ನು ಬಾವುಟದ ಪೆಟ್ಟಿಗೆಗೆ ಚುಚ್ಚಿದ. ಪೆಟ್ಟಿಗೆ ಕುಯ್ ಎಂದು ಅವನು ಬಂದದ್ದನ್ನು ಬರೆದುಕೊಂಡಿತು. ಇನ್ನು ಏಳು ಜನ ಮುಳ್ಳಿನ ಬೂಟು ಹಾಕಿಕೊಂಡು ಇದೇ ಪಾಚಿಯ ಮೇಲೆ ತುಳಿಯುತ್ತಾರೆ, ತುಳಿದರೆ ಹೋಗಲಿ, ನೋಡಿಬಿಡುತ್ತಾರೆ!

ಅದೇ ಹೊತ್ತಿಗೆ ಹಿಂದೆ ಎಲ್ಲೋ ಕೊಂಬೆ ಮುರಿದ ಸದ್ದಾಯಿತು. ಫೋಲ್ಕೆ ಪೆಟ್ಟಿಗೆಯ ಸಮೇತ ಬಾವುಟವನ್ನು ಕಿತ್ತುಕೊಂಡು ಪೂರ್ವಕ್ಕೆ ಓಡಿ, ಬಿದ್ದ ಮರದ ಬೇರಿನ ಹಿಂದೆ ನೆಟ್ಟು, ಏನೂ ಅರಿಯದವನಂತೆ ಏಳನೆಯ ಬಾವುಟದ ಕಡೆಗೆ ಹೊರಟ. ಬಾವುಟ ಎತ್ತಿಟ್ಟರೂ ಎಲ್ಲರ ಕೈಯ ನಕ್ಷೆ ಬಂಡೆಯನ್ನೇ ತೋರಿಸುತ್ತದೆ ಎಂದು ಅವನಿಗೆ ಹೊಳೆದದ್ದು ಎಂಟನೆಯ ಬಾವುಟದ ಹತ್ತಿರ. ಆಗ ತಲೆ ಚಚ್ಚಿಕೊಂಡು ಇನ್ನೂ ಜೋರಾಗಿ ಓಡಿದ.

ಗುರಿ ಮುಟ್ಟಿದ ಮೇಲೆ ಬ್ಲೂಬೆರಿ ಸಾರಿನ ಲೋಟ ಹಿಡಿದು ಕಾದ. ಸಿಕ್ಸ್ಟೆನ್ ಬಂದ. ಅವನ ಸಮಯ ಫೋಲ್ಕೆಗಿಂತ ನಲವತ್ತೊಂದು ಸೆಕೆಂಡು ಹೆಚ್ಚು! ಉಳಿದ ಐವರೂ ಅವನಿಗಿಂತ ಹಿಂದೆ. ಫೋಲ್ಕೆ ಅಣಬೆಯನ್ನು ಮರೆತ, ಅಜ್ಜಿಯನ್ನು ಮರೆತ. ಕೆಟಲನ್ನು ಕಿಟಕಿಯಲ್ಲಿ ಇಡುವುದೋ ಒಲೆಯ ಮೇಲೋ ಎಂದು ಯೋಚಿಸುತ್ತ ಕೂತ. ಸೋತ ಸಿಕ್ಸ್ಟೆನ್ ಯಾಕೋ ಹೆಚ್ಚು ಬೇಜಾರಿನಲ್ಲಿದ್ದಂತೆ ಕಾಣಲಿಲ್ಲ. ಬಂದವರೆಲ್ಲ ಕಾಡಿನ ಕಡೆಗೇ ನೋಡುತ್ತಿದ್ದರು.

ಡಾಗ್ನಿ ಮಾತ್ರ ಬರಲಿಲ್ಲ. ಒಂದು ಗಂಟೆ ಕಳೆಯಿತು, ಒಂದೂವರೆ ಗಂಟೆ ಕಳೆಯಿತು. ಟೀರಾ ಹುಡುಕಲು ಹೊರಡಬೇಕು, ಅಷ್ಟರಲ್ಲಿ ಮರಗಳ ನಡುವಿನಿಂದ ಡಾಗ್ನಿ ಹಾಡಿಕೊಂಡು ಬಂದಳು. ಜಾಕೆಟ್ಟನ್ನು ಬಿಚ್ಚಿ ಮೂಟೆ ಕಟ್ಟಿ ಎರಡೂ ಕೈಯಲ್ಲಿ ಹೊತ್ತಿದ್ದಳು.

“ಆರನೇ ಬಾವುಟ ಸಿಗ್ಲೇ ಇಲ್ಲ ಟೀರಾ! ಬಂಡೆ ಸಿಕ್ತು. ನಕ್ಷೇಲಿ ಇಲ್ಲೇ ಅಂತ ಇದೆ, ನಾನು ಯಾಕೆ ಅಲ್ಲಾಡ್ಲಿ ಅಂತ ಅಲ್ಲೇ ನಿಂತೆ. ಸುಮ್ನೆ ನಿಂತು ಏನ್ ಮಾಡ್ಲಿ? ಇದನ್ನ ಕಿತ್ಕೊಂಡೆ. ಇದು ತಿನ್ನೋದೇ ತಾನೇ?”

ಮೂಟೆ ಬಿಚ್ಚಿದಳು. ಐದು ಕಿಲೋಗೆ ಕಡಿಮೆಯಿಲ್ಲ. ಒಂದನ್ನೂ ಬಿಟ್ಟಿರಲಿಲ್ಲ.

ಫೋಲ್ಕೆಯ ಬಾಯಿಂದ ಕುಯ್ ಎಂಬ ಸದ್ದು ಹೊರಟಿತು. ಆಶ್ಚರ್ಯವೆಂದರೆ ಅದೇ ಸದ್ದು ಅವನ ಎಡಗಡೆಯಿಂದಲೂ ಬಂತು, ಬಲಗಡೆಯಿಂದಲೂ ಬಂತು.

“ಬಂಡೆ ಹತ್ರ ನನ್ನ ಕೈಯಾರೆ ನೆಟ್ಟಿದ್ದೀನಿ,” ಎಂದು ಟೀರಾ ಕಾರು ಹತ್ತಿ ಹೋದಳು. ಅರ್ಧ ಗಂಟೆಗೆ ಹಿಂದಿರುಗಿದಾಗ ಬಾವುಟ ಕೈಯಲ್ಲಿತ್ತು, ಮುಖ ಕೆಂಪಗಿತ್ತು. “ಜಲ್ಲಿ ರಸ್ತೆ ಪಕ್ಕದಲ್ಲಿತ್ತು! ಬಂಡೆಯಿಂದ ನಾನೂರು ಮೀಟರ್ ದೂರ! ಬಾವುಟಕ್ಕೇನು ಕಾಲು ಬಂತಾ?”

ಫೋಲ್ಕೆ ಕಕ್ಕಾಬಿಕ್ಕಿಯಾದ. ತಾನು ಒಯ್ದದ್ದು ಹೆಚ್ಚೆಂದರೆ ಅರವತ್ತು ಮೀಟರು.

“ಬಾವುಟ ಜಾಗದಲ್ಲಿ ಇಲ್ಲದಿದ್ರೆ ಓಟ ರದ್ದು,” ಟೀರಾ ಹೇಳಿದಳು. “ಕೆಟಲು ಹೋದ ವರ್ಷದವನ ಹತ್ರಾನೇ ಇರುತ್ತೆ. ಆದ್ರೆ ಒಂದು ದಾರಿ ಇದೆ. ಯಾರಾದ್ರೂ ಅದನ್ನ ಬಂಡೆ ಹತ್ರಾನೇ ಮುಟ್ಟಿದ್ರೆ ಆ ಓಟ ಸರಿಯಾದ ಓಟ. ಅವರೇ ಗೆದ್ದ ಹಾಗೆ. ಯಾರಾದ್ರೂ ಇದ್ದೀರಾ?”

ಇಡೀ ಭೂಮಂಡಲದಲ್ಲಿ ಅಂಥವನು ಒಬ್ಬನೇ. ಬಾಯಿಬಿಟ್ಟರೆ ಕೆಟಲು ತನ್ನದು, ಬಾಯಿಬಿಟ್ಟರೆ ಮುಂದಿನ ಪ್ರಶ್ನೆಯೂ ತನ್ನದೇ. ಸಿಕ್ಸ್ಟೆನ್ ಆಗಲೇ ಕಾಲಮೇಲೆ ಕಾಲು ಹಾಕಿ ಕಿರುನಗೆ ನಗುತ್ತಿದ್ದ. ಹನ್ನೆರಡನೆಯ ವರ್ಷವೂ ಅವನ ಕೈಯ ಕಾಫಿಯೇ? ಫೋಲ್ಕೆ ಎದ್ದು ನಿಂತ.

“ನಾನು ಮುಟ್ಟಿದೆ. ಬಂಡೆ ಹತ್ರಾನೇ ಇತ್ತು.”

“ಹಾಗಾದ್ರೆ ನಿನ್ನ ನಂತರ ಹೋಯ್ತು. ನೀನು ಹೊರಟಾಗ ಎಲ್ಲಿತ್ತು?”

ಸುಳ್ಳು ಹೇಳಬಹುದಿತ್ತು. ಆದರೆ ಕಾಡಿನ ಓಟದಲ್ಲಿ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. “ಬಿದ್ದ ಮರದ ಹತ್ರ. ನಾನೇ... ಸ್ವಲ್ಪ ಆಚೆ ಇಟ್ಟೆ. ಅದು ನಮ್ಮಜ್ಜಿ ಅಣಬೆ ಜಾಗ ಟೀರಾ!”

“ನಿಮ್ಮಜ್ಜಿದಾ?” ಸಿಕ್ಸ್ಟೆನ್ ತಟ್ಟನೆ ಎದ್ದ. “ಅದು ನಮ್ಮಪ್ಪನ ಜಾಗ ಕಣೋ!”

“ನಮ್ಮ ಚಿಕ್ಕಮ್ಮ ಸಾಯೋವಾಗ ನನಗೆ ಹೇಳಿದ ಜಾಗ ಅದು!” ಎಂದು ಹಿಂದಿನಿಂದ ಒಂದು ಹೆಣ್ಣು ದನಿ ಎದ್ದಿತು.

ಹೇಳಿ ಮುಗಿಸಿದ ಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡರು. ಆಗಲೇ ತಡವಾಗಿತ್ತು. ಟೀರಾ ಕೈಚಾಚಿದಳು. “ಎಲ್ಲರ ಕೈಗಡಿಯಾರ ಕೊಡಿ.”

ಓಡಿದ ದಾರಿಯನ್ನು ಗೆರೆ ಎಳೆದಿಟ್ಟುಕೊಳ್ಳುವ ಗಡಿಯಾರ ಡಾಗ್ನಿಯನ್ನು ಬಿಟ್ಟು ಎಲ್ಲರ ಕೈಯಲ್ಲೂ ಇತ್ತು. ಗುಡಿಸಲಿನ ಪರದೆಯ ಮೇಲೆ ಏಳು ಬಣ್ಣದ ಏಳು ಗೆರೆ ಮೂಡಿದವು. ಏಳೂ ನೇರ ಬಂಡೆಗೆ ಬಂದವು, ಏಳೂ ಪೂರ್ವಕ್ಕೆ ತಿರುಗಿದವು, ಒಂದು ನಿಂತಲ್ಲಿಂದ ಇನ್ನೊಂದು ಮುಂದುವರಿದಿತ್ತು. ಒಬ್ಬ ಇಟ್ಟದ್ದು ಬಂಡೆಗೆ ಇನ್ನೂ ತೀರ ಹತ್ತಿರ ಎಂದು ಇನ್ನೊಬ್ಬನಿಗೆ ಅನ್ನಿಸಿ ಅವನೂ ಅದನ್ನು ಒಂದಿಷ್ಟು ದೂರ ಹೊತ್ತಿದ್ದ. ವರ್ಷವರ್ಷವೂ ಏಳು ಜನ ಒಂದೇ ಪಾಚಿಯಿಂದ ಕದ್ದು ಅಣಬೆ ಕಿತ್ತು, ಬೇರೆಯವರಿಗೆ ಗೊತ್ತಾಗದಿರಲಿ ಎಂದು ಒಂದಿಷ್ಟು ಬಿಟ್ಟು ಬರುತ್ತಿದ್ದರು. ಹಾಗೆ ಬಿಟ್ಟದ್ದರಿಂದಲೇ ಏಳೂ ಜನಕ್ಕೆ ಸಿಗುತ್ತಿತ್ತು.

ಮೊದಲು ನಕ್ಕವಳು ಡಾಗ್ನಿ. ಆಮೇಲೆ ಗುಡಿಸಲಿನ ಗಾಜು ಅದುರುವಂತೆ ಎಲ್ಲರೂ ನಕ್ಕರು. ಸಿಕ್ಸ್ಟೆನ್ ಫೋಲ್ಕೆಯ ಹೆಗಲ ಮೇಲೆ ತಲೆಯಿಟ್ಟು ಅಳುವಷ್ಟು ನಕ್ಕ. ಡಾಗ್ನಿ ಐದು ಕಿಲೋ ಅಣಬೆಯನ್ನೂ ಒಲೆಯ ಬಳಿ ಸುರಿದಳು. ಬೆಣ್ಣೆ ಬಂತು, ಬ್ರೆಡ್ಡು ಬಂತು, ಫೋಲ್ಕೆ ನಾಲ್ಕು ಸಲ ಹಾಕಿಸಿಕೊಂಡ. ಇಷ್ಟು ಜನರ ನಡುವೆ ಕೂತು ತಿಂದಾಗ ಆ ಅಣಬೆ ಇನ್ನೂ ರುಚಿ ಎಂಬುದು ಅವನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಕಡೆಗೆ ಟೀರಾ ಫಲಿತಾಂಶದ ಹಾಳೆ ಅಂಟಿಸಿದಳು. ಬಾವುಟದ ಸರಿಯಾದ ಜಾಗದಲ್ಲಿ ಒಂದೂವರೆ ಗಂಟೆ ಅಲ್ಲಾಡದೆ ನಿಂತವಳೆಂದು ಕೆಟಲು ಡಾಗ್ನಿಗೆ. ಕೆಳಗೆ ‘ಹೊರಹಾಕಲ್ಪಟ್ಟವರು’ ಎಂದು ಏಳು ಹೆಸರು. ಫೋಲ್ಕೆಗೆ ಒಂದು ಆಸೆ ಚಿಗುರಿತು. ಬಾವುಟಕ್ಕೆ ಮೊದಲು ಕೈ ಹಚ್ಚಿದವನು ತಾನು. ಈ ಪಟ್ಟಿಯಲ್ಲಾದರೂ ಸಿಕ್ಸ್ಟೆನ್‌ಗಿಂತ ಮೇಲಿರಬೇಕಲ್ಲ! ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋದ. ಆದರೆ ಭೂಮಾಪನದ ಟೀರಾ ಪಟ್ಟಿ ಮಾಡಿದ್ದು ಯಾರು ಎಷ್ಟು ದೂರ ಹೊತ್ತರು ಎಂಬ ಲೆಕ್ಕದಲ್ಲಿ. ಸಿಕ್ಸ್ಟೆನ್, ಎಪ್ಪತ್ತೊಂದು ಮೀಟರ್. ಫೋಲ್ಕೆ, ಅರವತ್ತೆರಡು.

ಮನೆಗೆ ಬಂದಾಗ ಗುನ್ವೋರ್ ಒಗೆದ ಬಟ್ಟೆ ಮಡಿಸುತ್ತಿದ್ದಳು.

“ಏನಾಯ್ತು?”

“ಎರಡನೇದು.”

“ಮೊದಲನೇದು ಯಾರು?”

ಫೋಲ್ಕೆ ಬೂಟು ಬಿಚ್ಚುತ್ತ ಹೇಳಿದ, “ನಿಮ್ಮಣ್ಣ.”