ಸುಳಿ ನೋಡಿ ತಂದ ಕಯಾಕು

ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಹಿರಿಯರು ಹೇಳಿದ್ದು ನನ್ನಂಥವರನ್ನು ನೋಡಿಯೇ ಇರಬೇಕು. ಹುಣಸೂರಿನಲ್ಲಿ ನನ್ನದೊಂದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಸಂಜೆ ಷಟರ್ ಎಳೆಯಲು ಏಳುವವನು ನಾನು. ಮೂಟೆ ಹೊರಲು ಆಳುಗಳಿದ್ದಾರೆ, ಬಿಲ್ಲು ಹಾಕಲು ಕಂಪ್ಯೂಟರಿದೆ, ನನಗೆ ಉಳಿದಿರುವುದು ಮಾತು ಒಂದೇ. ಡಾಕ್ಟರು ಒಂದು ದಿನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, "ಗೌಡ್ರೆ, ಸ್ವಲ್ಪ ಮೈ ಅಲ್ಲಾಡಿಸಿ" ಅಂದರು. ಅಲ್ಲಾಡಿಸಬಹುದು, ಆದರೆ ಅದಕ್ಕೆ ಎದ್ದು ನಿಲ್ಲಬೇಕಲ್ಲ! ಆ ಚಿಂತೆಯಲ್ಲೇ ಮೊಬೈಲ್ ನೋಡುತ್ತಿದ್ದಾಗ ಒಬ್ಬ ಬಿಳಿ ಗಡ್ಡದ ಮನುಷ್ಯ ಕೆರೆಯ ಮಧ್ಯೆ ಪುಟ್ಟ ದೋಣಿಯಲ್ಲಿ ಕೂತು, ಎರಡು ತುದಿಗೂ ಅಲಗಿರುವ ಹುಟ್ಟು ಹಾಕುತ್ತಾ ಹಾಯಾಗಿ ಹೋಗುತ್ತಿದ್ದುದು ಕಂಡಿತು. ಅದಕ್ಕೆ ಕಯಾಕು ಅನ್ನುತ್ತಾರಂತೆ. ಕೂತುಕೊಂಡೇ ಮಾಡುವ ವ್ಯಾಯಾಮ! ಇದು ನನಗೋಸ್ಕರವೇ ಹುಟ್ಟಿದ್ದು ಅನ್ನಿಸಿತು.

ಅನ್ನಿಸಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಎದುರಿಗೆ ಯೂರಿಯಾಕ್ಕೆ ಕಾಯುತ್ತಿದ್ದ ಗಿರಾಕಿಗೆ, "ನಾನೂ ಒಂದು ತಗೊಳ್ತಾ ಇದೀನಿ ಕಣಪ್ಪ. ಭಾನುವಾರ ಭಾನುವಾರ ನಮ್ಮೂರ ಕೆರೇಲಿ ಓಡಿಸೋದು" ಅಂದುಬಿಟ್ಟೆ. ಅಷ್ಟೇ. ಮಾತು ಪಿರಿಯಾಪಟ್ಟಣ ಮುಟ್ಟಿ, ಎಚ್.ಡಿ. ಕೋಟೆ ದಾಟಿತು. ಅಂತರಸಂತೆಯಿಂದ ಜೋಳದ ಬೀಜಕ್ಕೆ ಬಂದ ಒಬ್ಬ, "ಗೌಡ್ರೆ, ದೋಣಿ ಬಂತಾ?" ಅಂತ ಕೇಳಿದ ಮೇಲೆ ಬೀಜದ ರೇಟು ಕೇಳಿದ. ಬಂದವರಿಗೆಲ್ಲ ನಾನು ಪಾಠ ಶುರು ಮಾಡಿದೆ. ಗಾಳಿ ತುಂಬುವ ಕಯಾಕೂ ಇದೆ, ಆದರೆ ನಮ್ಮ ಕೆರೆ ಏರಿಯ ಜಾಲಿಮುಳ್ಳಿಗೆ ಒಂದು ವಾರ ತಡೆಯುವುದಿಲ್ಲ. ಕಾಲನ್ನು ಒಳಗೆ ತೂರಿಸಿ ಕೂರುವುದು ಒಂದು ಜಾತಿ, ಮೇಲೆ ಕೂರುವುದು ಇನ್ನೊಂದು. ಉದ್ದ ತೆಳ್ಳಗಿದ್ದರೆ ವೇಗ ಹೆಚ್ಚು, ಅಗಲವಾಗಿದ್ದರೆ ನಿಧಾನ, ಆದರೆ ಅಲುಗಾಡುವುದಿಲ್ಲ. ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಒಂದೇ ಒಂದು ವಿಷಯವನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ನನಗೆ ಈಜು ಬರುವುದಿಲ್ಲ. ಬರುವುದಿಲ್ಲ ಅನ್ನುವುದು ಮರ್ಯಾದೆಯ ಮಾತು. ನೀರು ಮಂಡಿ ದಾಟಿದರೆ ನನಗೆ ಜೀವ ಬಾಯಿಗೆ ಬರುತ್ತದೆ. ನಮ್ಮದು ಮಳೆ ನಂಬಿದ ಬೆದ್ದಲು ಸೀಮೆ, ಹೊಗೆಸೊಪ್ಪಿನ ಊರು. ಇದ್ದೊಂದು ಕೆರೆಯಲ್ಲಿ ಓರಗೆಯ ಹುಡುಗರೆಲ್ಲ ಏರಿಯಿಂದ ದುಮುಕುವಾಗ ನಾನು ದಡದಲ್ಲಿ ಕೂತು ಅವರ ಬಟ್ಟೆ ಕಾಯುತ್ತಿದ್ದೆ. ಕಯಾಕು ತರದಿದ್ದರೆ ಊರೆಲ್ಲ ನಗುತ್ತದೆ, ತಂದರೆ ಹತ್ತಬೇಕು. ಅತ್ತ ದರಿ, ಇತ್ತ ಪುಲಿ. ಊಟ ರುಚಿಸದೆ, ನಿದ್ದೆ ಬಾರದೆ ಒದ್ದಾಡಿದೆ.

ಆಗ ಹೊಳೆದದ್ದೇ ನಮ್ಮ ಸೋದರಮಾವ ದೊಡ್ಡೇಗೌಡರ ಹೆಸರು. ಸುತ್ತಲ ಹತ್ತು ಹಳ್ಳಿಯವರು ಎತ್ತು ತರುವಾಗ ಮಾವನನ್ನು ಕರೆದುಕೊಂಡೇ ಹೋಗುತ್ತಾರೆ. ಹಲ್ಲು ನೋಡಿ, ಗೊರಸು ನೋಡಿ, ಮೈಮೇಲಿನ ಸುಳಿ ನೋಡಿ, ಮನೆಗೆ ಆಗಿಬರದ ಎತ್ತನ್ನು ಹಗ್ಗ ಹಿಡಿಯುವ ಮೊದಲೇ ಬೇಡ ಅನ್ನುವವರು. ನನಗೆ ಗೊತ್ತಿದ್ದ ಮಟ್ಟಿಗೆ ಮಾವ ಮೊದಲ ಸಲಕ್ಕೇ ಏನನ್ನೂ ಒಪ್ಪಿದವರಲ್ಲ. ನನಗೆ ಹೆಣ್ಣು ನೋಡಲು ಹೋದಾಗಲೂ ಮೊದಲು ಬೇಡ ಅಂತಲೇ ಅಂದಿದ್ದರು! "ಮಾವ ಬೇಡ ಅಂದ್ರು, ದೊಡ್ಡೋರ ಮಾತು ಮೀರೋಕಾಗುತ್ತಾ?" ಅಂದುಬಿಟ್ಟರೆ ಮಾನವೂ ಉಳಿಯಿತು, ಪ್ರಾಣವೂ ಉಳಿಯಿತು.

ಕೋಟೆ ರಸ್ತೆಯಲ್ಲಿ ಒಂದು ಕೆರೆಯ ಪಕ್ಕ ಹೋಂಸ್ಟೇ ನಡೆಸುತ್ತಿದ್ದ ಕೇರಳದ ಒಬ್ಬರು ಊರಿಗೆ ವಾಪಸು ಹೊರಟಿದ್ದರು. ಅವರ ಹತ್ತಿರ ಎರಡು ಹಳೇ ಕಯಾಕು ಇದ್ದವು. ಭಾನುವಾರ ಬೆಳಿಗ್ಗೆ, ನಮ್ಮ ಅಂಗಡಿಯ ಮೂಟೆ ಸಾಗಿಸುವ ಮಹದೇವನ ಲಗೇಜ್ ಆಟೋ ಮನೆ ಮುಂದೆ ಬಂದು ನಿಂತಿತು. ಮಾವ ಹತ್ತಲು ಹೋದವರು ಕಾಲು ಕೆಳಗಿಟ್ಟರು.

"ನೀನು, ನಾನು, ಮಾದೇವ. ಮೂರು ಜನ ಆಯ್ತಲ್ಲಾ ನಾಗ! ಮೂರು ಜನ ಒಂಟ್ರೆ ಒಳ್ಳೆ ಕೆಲ್ಸ ಆದದ್ಲಾ? ಒಂದು ಕಲ್ಲಾರ ಜೇಬಿಗಾಕ್ಕೊ, ನಾಕು ಲೆಕ್ಕ ಆಯ್ತದೆ."

ಕೆಲಸ ಕೆಡಲಿ ಅಂತಲೇ ಹೊರಟವನಿಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೆ? ಆದರೆ ಹಾಗೆ ಹೇಳುವಂತಿಲ್ಲ. ಅಂಗಳದಲ್ಲಿ ಒಂದು ಕಲ್ಲು ಹೆಕ್ಕಿ ಜೇಬಿಗಿಡುವಷ್ಟರಲ್ಲಿ ನನ್ನ ಹೆಂಡತಿ ರತ್ನ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಕಲ್ಲು ಯಾಕ್ರೀ? ನಾನೇ ಬತ್ತೀನಿ ಬುಡಿ" ಅಂದವಳೇ ಮುಂದಿನ ಸೀಟು ಹತ್ತಿ ಮಾವನ ಪಕ್ಕ ಕೂತಳು. ನಾನು ಕಲ್ಲನ್ನು ಜಗಲಿ ಮೇಲಿಟ್ಟು, ಹಿಂದುಗಡೆ ಹಗ್ಗದ ಸುರುಳಿಯ ಮೇಲೆ ಕೂತೆ.

ಕೆರೆ ದಡದಲ್ಲಿ ಒಂದು ಕೆಂಪು, ಒಂದು ಹಳದಿ. ಕೆಂಪು ಉದ್ದ, ತೆಳ್ಳಗೆ, ಒಳಗೆ ಕಾಲು ತೂರಿಸುವ ಜಾತಿ. ಹಳದಿ ಗಿಡ್ಡ, ಅಗಲ, ಮೇಲೆ ಕೂರುವಂಥದ್ದು. ಮಾವ ಮೊದಲು ಹಳದಿಯದನ್ನು ಮಗುಚಿ ನೋಡಿ ಕೂಗಿಕೊಂಡರು. "ಅಯ್ಯಯ್ಯೋ, ತಳದಲ್ಲೇ ತೂತು ಕಣ್ಲಾ! ಒಂದಲ್ಲ, ಸಾಲಾಗವೆ!" ಹೋಂಸ್ಟೇಯವರು, "ಸಾರೇ, ಅದು ಬೇಕಂತಲೇ ಇಟ್ಟಿರೋದು. ಮೇಲೆ ಬಿದ್ದ ನೀರು ಅದರಲ್ಲಿ ಇಳಿದುಹೋಗುತ್ತೆ, ದೋಣಿ ಮುಳುಗೋದಿಲ್ಲ" ಅಂದರು. "ತೂತಿರೋದೇ ಒಳ್ಳೇದು ಅಂತ ಮಾರೋನ್ನ ಇವತ್ತೇ ನೋಡಿದ್ದು" ಅಂತ ಮಾವ ಕೈಕೊಡವಿದರು. ನನಗೆ ಅರ್ಧ ಉಸಿರು ಬಂತು. ಇನ್ನು ಕೆಂಪು ಒಂದನ್ನು ಬೇಡ ಅಂದುಬಿಟ್ಟರೆ ಸಾಕು, ದಾರಿಯಲ್ಲಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸುತ್ತೇನೆ ಅಂದುಕೊಂಡೆ.

ಮಾವ ಕೆಂಪಿನ ಮುಂದೆ ನಿಂತರು, ಹಿಂದೆ ನಿಂತರು, ಬೆನ್ನು ಸವರಿದರು, ಬೆರಳಲ್ಲಿ ತಟ್ಟಿ ಕಿವಿಗೊಟ್ಟರು. ಕೊನೆಗೆ ನನ್ನ ಕಡೆ ತಿರುಗಿದರು. "ಎಲ್ಲೂ ಒಂದು ಕೆಟ್ಟ ಸುಳಿ ಇಲ್ಲ ಕಣ್ಲಾ. ಓಟದ ಎತ್ತು ಇದು. ಕಣ್ಮುಚ್ಕೊಂಡು ಕಟ್ಕೊ!"

ಜೀವಮಾನದಲ್ಲೇ ಮೊದಲ ಸಲಕ್ಕೇ ಒಪ್ಪಿದ್ದು ಇದೊಂದನ್ನೇ, ಅದೂ ಇವತ್ತೇ! "ಹತ್ತಿ ನೋಡಿ ಸಾರೇ" ಅಂತ ಹೋಂಸ್ಟೇಯವರು ಲೈಫ್ ಜಾಕೆಟ್ ತಂದರು. ಅದರ ಬಕಲಿನ ಎರಡು ಕಡೆಯೂ ನನ್ನ ಹೊಟ್ಟೆಯ ಮೇಲೆ ಸೇರಲೊಲ್ಲವು. ಮಹದೇವ ಮಂಡಿ ಕೊಟ್ಟು ಎಳೆದು ಬಿಗಿದ. ಮನೆದೇವರನ್ನು ನೆನೆದು ಕಾಲು ತೂರಿಸಿ ಕೂತೆ. ಅವರು ತಳ್ಳಿದರು. ಒಂದು ಹುಟ್ಟು ಬಲಕ್ಕೆ ಹಾಕಿದೆ. ಎಡಕ್ಕೆ ಹಾಕುವ ಪ್ರಮೇಯವೇ ಬರಲಿಲ್ಲ. ಆಕಾಶ ಪಕ್ಕಕ್ಕೆ ವಾಲಿತು, ಕಿವಿಯೊಳಗೆ ಗುಳುಗುಳು ಶಬ್ದ, "ಅಯ್ಯೋ ಸತ್ತೆ!" ಅಂತ ಕಿರುಚಲು ಬಾಯಿ ತೆರೆದರೆ ಬಾಯಿತುಂಬ ಕೆರೆ. ನಾನು ಕೈಕಾಲು ಬಡಿಯುತ್ತಲೇ ಇದ್ದೆ. "ರೀ, ಎದ್ ನಿಂತ್ಕೊಳಿ!" ಅಂತ ಹತ್ತಿರದಲ್ಲೇ ರತ್ನಳ ದನಿ ಕೇಳಿಸಿತು. ನಿಂತೆ. ನೀರು ಸೊಂಟದವರೆಗಿತ್ತು. ರತ್ನ ಸೀರೆ ಸಮೇತ ನೀರಿಗಿಳಿದು ನನ್ನ ರಟ್ಟೆ ಹಿಡಿದುಕೊಂಡಿದ್ದಳು.

ದಡದಲ್ಲಿ ಮಾವ ಒಂದಿಷ್ಟೂ ಅಳುಕಲಿಲ್ಲ. "ಓಟದ ಎತ್ತು ಅಲ್ವೇನ್ಲಾ? ಹೊಸಬ್ರನ್ನ ಕೆಡವೇ ಕೆಡವ್ತದೆ" ಅಂದರು.

ರತ್ನ ನಗು ತಡೆಯಲಾರದೆ ನನ್ನ ತಲೆಯ ಪಾಚಿ ತೆಗೆದಳು. ಆಮೇಲೆ ನನ್ನ ಜಾಕೆಟ್ ಬಿಚ್ಚಿ ತಾನು ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, "ಎಂಗೂ ನೆಂದಿದ್ದಾಯ್ತು. ಆ ಹಳದೀದ್ ಕೊಡಿ" ಅಂದಳು. "ತೂತು ಕಣವ್ವಾ, ತೂತು!" ಅಂತ ಮಾವ ಕೂಗುತ್ತಲೇ ಇದ್ದರು. ಅವಳು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಹೋಗಿ, ಹೋಂಸ್ಟೇಯವರು ಹೇಳಿದ ಮೇಲೆ ಕಾಲು ಚಾಚಿಕೊಂಡು, ಎಡಕ್ಕೊಂದು ಬಲಕ್ಕೊಂದು ಹುಟ್ಟು ಹಾಕಿದಳು. ಹಳದಿ ಮೊದಲು ಒಂದು ಸುತ್ತು ಗಿರಕಿ ಹೊಡೆದು, ಆಮೇಲೆ ನೆಟ್ಟಗೆ ಕೆರೆಯ ನಡುವಿಗೆ ಹೊರಟಿತು. ತೂತಿನಿಂದ ಏನೂ ಆಗಲಿಲ್ಲ. ಒಂದು ಗುಂಪು ಬೆಳ್ಳಕ್ಕಿ ಎದ್ದು ಹಾರಿತು, ಅವಳು ತಲೆಯೆತ್ತಿ ನೋಡಿ ನಕ್ಕಳು. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಆ ನಗು ನೋಡಿರಲಿಲ್ಲ. ಅವಳು ಕೆ.ಆರ್. ನಗರದ ಕಡೆಯವಳು, ಕಾವೇರಿ ದಂಡೆಯ ಊರು. ನಿನಗೆ ಈಜು ಬರುತ್ತಾ ಅಂತ ಒಂದು ದಿನವೂ ನಾನು ಕೇಳಿರಲಿಲ್ಲ. ಕೇಳಬೇಕಿತ್ತು ಅನ್ನಿಸಿತು. ಆದರೆ ಸುಳ್ಳು ಯಾಕೆ ಹೇಳಲಿ, ಅದಕ್ಕಿಂತ ಮೊದಲು ಬಂದದ್ದು ದೊಡ್ಡದೊಂದು ನಿಟ್ಟುಸಿರು. ಅಬ್ಬಾ, ನಾನು ಹತ್ತಬೇಕಾಗಿಲ್ಲ!

ಹಳದಿಯನ್ನೇ ಆಟೋಕ್ಕೆ ಕಟ್ಟಿದೆವು. ದೋಸೆಯನ್ನೂ ಕೊಡಿಸಿದೆ. ಮಾವ ಎರಡನೇ ದೋಸೆ ತಿನ್ನುತ್ತಾ, "ಹಳದೀದಕ್ಕೂ ಸುಳಿ ಚೆನ್ನಾಗೇ ಇತ್ತು ಬುಡು" ಅಂತ ತೀರ್ಪು ತಿದ್ದಿದರು. ಮನೆಗೆ ಬಂದು ಕಯಾಕು ಇಳಿಸುವಾಗ ನಾನು ರತ್ನಳಿಗೆ ಮೆಲ್ಲಗೆ, "ಸದ್ಯ, ನಾಲ್ಕನೆಯವಳಾಗಿ ಬಂದೆಯಲ್ಲ" ಅಂದೆ.

"ಲೆಕ್ಕಕ್ಕೆ ಬಂದೆ ಅಂದ್ಕೊಂಡ್ರಾ? ನಿಮಗೆ ಈಜು ಬರಲ್ಲ ಅಂತ ನಂಗೆ ಗೊತ್ತಿಲ್ವಾ? ಮದುವೆಯಾದ ಹೊಸದ್ರಲ್ಲಿ ನಮ್ಮೂರ ಹೊಳೇಲಿ ಮೆಟ್ಟಿಲ ಮೇಲೆ ಕೂತ್ಕೊಂಡು ಚೊಂಬಲ್ಲಿ ನೀರು ಹುಯ್ಕೊಂಡ ಗಂಡಸು ನೀವೊಬ್ರೇ ಕಣ್ರೀ" ಅಂದಳು. "ಅದಕ್ಕೇ ಬಂದಿದ್ದು."

ಈಗ ಪ್ರತಿ ಭಾನುವಾರ ನಮ್ಮೂರ ಕೆರೆಯಲ್ಲಿ ಕಯಾಕು ಓಡುತ್ತದೆ. ಅಂಗಡಿಗೆ ಬಂದವರು, "ಗೌಡ್ರೆ, ದೋಣಿ ಎಂಗಿದೆ?" ಅಂದರೆ, "ಬಹಳ ಚೆನ್ನಾಗಿದೆ, ಆದ್ರೆ ನಮ್ಮನೆಯೋರು ಬಿಟ್ಟುಕೊಡ್ಬೇಕಲ್ಲ" ಅಂತ ನಿಟ್ಟುಸಿರು ಬಿಡುತ್ತೇನೆ. ಡಾಕ್ಟರಿಗೂ ಸಮಾಧಾನ, ಕಯಾಕನ್ನು ಹೊತ್ತು ಏರಿ ಹತ್ತಿಸಿ ಇಳಿಸುವವನು ನಾನೇ. ಆಮೇಲೆ ಅವಳ ಚಪ್ಪಲಿ, ಟೀ ಫ್ಲಾಸ್ಕು ಪಕ್ಕದಲ್ಲಿಟ್ಟುಕೊಂಡು ದಡದಲ್ಲಿ ಕೂರುತ್ತೇನೆ. ಆವತ್ತು ಜೇಬಿಗೆ ಹಾಕಿಕೊಂಡಿದ್ದ ಕಲ್ಲು ಇನ್ನೂ ನಮ್ಮ ಜಗಲಿಯ ಮೇಲೇ ಇದೆ. ಮೊನ್ನೆ ಮಾವ ಬಂದವರು ಅದನ್ನು ನೋಡಿ, "ಇದ್ಯಾಕ್ಲಾ ಇನ್ನೂ ಇಲ್ಲೇ ಮಡಗಿದ್ದೀಯ?" ಅಂತ ಕೇಳಿದರು. ರತ್ನ ಒಳಗಿನಿಂದಲೇ ಹೇಳಿದಳು: "ಇರ್ಲಿ ಬುಡಿ ಮಾವ. ಯಾವತ್ತಾದ್ರೂ ಇವರಿಗೆ ಬರಕ್ಕಾಗ್ದಿದ್ರೆ ದಡದಲ್ಲಿ ಕೂರಿಸಕ್ಕೆ ಬೇಕಾಯ್ತದೆ."