ಕಿಕ್ಕಿರಿದ ಕ್ಯುವೆಟ್ಟಿನ ಮಹಾಸಮರ

ಯಾವ ಯುಗದಲ್ಲಿ ಧಾರವಾಡದ ಒಂದು ಪ್ರಯೋಗಾಲಯದ ನಲ್ಲಿಯು ತನಗೆ ಮನಸ್ಸಾದಾಗ ಮಾತ್ರ ಪ್ರಸನ್ನವಾಗುತ್ತಿತ್ತೋ, ಯಾವ ಯುಗದಲ್ಲಿ ಬೆಳಕನ್ನು ಅಳೆಯುವ ಒಂದೇ ಒಂದು ಯಂತ್ರಕ್ಕಾಗಿ ಹನ್ನೊಂದು ಸಂಶೋಧಕರು ಪಾಳಿ ಹಚ್ಚಿ ನಿಲ್ಲುತ್ತಿದ್ದರೋ, ಆ ಘೋರ ಯುಗದ ಕಥೆಯಿದು. ಓ ವಾಗ್ದೇವಿ, ಬಂದು ನಾಲಗೆಯ ಮೇಲೆ ಕೂರು! ನಾವೀಗ ಹಾಡಬೇಕಾದವಳು ಸಾಮಾನ್ಯಳಲ್ಲ. ಧವಳಕೋಟಕವಚಧಾರಿಣಿ, ಪೈಪೆಟ್ಟುಪಾಣಿ, ಮೂರು ವರ್ಷ ಡಿಎನ್‌ಎ ಕಲಸಿಯೂ ಎದೆಗುಂದದ ಧೀರೆ, ಶಿವಲೀಲಾ ಹೂಗಾರ!

ಸಮರಕ್ಕೆ ಕಾರಣ ಒಂದು ಬಣ್ಣ. ನೀರಿನಲ್ಲಿ ಒಂಟಿಯಾಗಿ ಅಲೆಯುವಾಗ ಮಂಕು ಬಡಿದಂತಿರುವ ಅದು ಡಿಎನ್‌ಎಯ ಸುರುಳಿಗೆ ಅಂಟಿಕೊಂಡೊಡನೆ ನೀಲಿಯಾಗಿ ಬೆಳಗುತ್ತದೆ. ತಿಳಿನೀರಿನಲ್ಲಿ ಇದು ಸರಿಯೇ. ಆದರೆ ಜೀವಕೋಶದೊಳಗೆ ತಿಳಿನೀರೆಲ್ಲಿ ಬಂತು? ಅಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜಂಗುಳಿ. ಅಂಥ ಜಂಗುಳಿಯನ್ನು ಶಿವಲೀಲೆ ಮಂದವಾದ ಪಾಲಿಮರ್ ದ್ರವ ಬೆರೆಸಿ, ಕ್ಯುವೆಟ್ಟೆಂಬ ಹೆಬ್ಬೆರಳಗಲದ ಪಾರದರ್ಶಕ ಡಬ್ಬಿಯಲ್ಲಿ ಸೃಷ್ಟಿಸಿದ್ದಳು. ಜಂಗುಳಿಯಲ್ಲಿ ಬಣ್ಣ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆಂಬುದು ಅವಳ ಪ್ರಬಂಧದ ನಾಲ್ಕನೆಯ ಅಧ್ಯಾಯ. ಗುರುವಾರದೊಳಗೆ ಅದನ್ನು ತೋರಿಸದಿದ್ದರೆ ಅಧ್ಯಾಯವನ್ನೇ ಕಿತ್ತು ಹಾಕುವುದಾಗಿ ಅವಳ ಗೈಡ್ ಕಟ್ಟಿ ಮೇಡಂ ಸಾರಿದ್ದರು. ಅಂದು ಗುರುವಾರ.

ಯಂತ್ರದ ಮುಂದೆ ಅಡ್ಡ ನಿಂತವನು ಅದೇ ಲ್ಯಾಬಿನ ಸಂಶೋಧಕ, ತರ್ಕಕರ್ಕಶ, ಪರಸಿದ್ಧಾಂತಖಂಡನಲಂಪಟ, ಪ್ರಹ್ಲಾದ ಗಲಗಲಿ.

"ಎಲೌ ದ್ರವಮಂಥನವ್ಯಸನಿಯೇ!" ಎಂದು ಅವನು ಮೀಸೆ ಇಲ್ಲದ ಜಾಗವನ್ನು ತಿರುವಿದನು. "ಪಾಲಿಮರ್ ಚತುರಂಗಬಲವನ್ನು ಭೇದಿಸಿ ನಿನ್ನ ಬಡಪಾಯಿ ಬಣ್ಣ ಡಿಎನ್‌ಎಯನ್ನು ಸೇರುವುದುಂಟೆ? ಜಂಗುಳಿಯ ಕ್ಯುವೆಟ್ಟು ಹೆಚ್ಚು ಬೆಳಗಿದ್ದೇ ಆದರೆ, ಈ ಲ್ಯಾಬಿನ ಸಮಸ್ತ ಕ್ಯುವೆಟ್ಟುಗಳನ್ನು ಒಂದು ಮಾಸಪರ್ಯಂತ ಈ ಭುಜದಂಡಗಳೇ ತೊಳೆಯುವವು!"

"ಎಲವೋ ಕುತರ್ಕಕೋವಿದ! ಜಂಗುಳಿಗೆ ಬೆದರುವುದು ಹೇಡಿಯ ಲಕ್ಷಣ!" ಎಂದು ಗರ್ಜಿಸಿದ ಶಿವಲೀಲೆ, ಸಿಟ್ಟು ನೆತ್ತಿಗೇರಿ ಸಂಸ್ಕೃತ ಸಾಲದೆ ಮನೆಮಾತಿಗೆ ಇಳಿದಳು. "ಹುಬ್ಬಳ್ಳಿ ಬಸ್ಸು ಹತ್ತಿ ಇಲ್ಲೋ ನೀ? ಗದ್ಲದಾಗ ಸೀಟು ಹಿಡಿಯೂದು ತಡಾ ಆಗ್ತದ, ಖರೇ. ಆದ್ರ ಹಿಡದಾಂವ ಏಳ್ತಾನೇನು?"

ಪ್ರಹ್ಲಾದನು ಮೆಲ್ಲಗೆ ಯಂತ್ರದ ಮುಂದಿನಿಂದ ಸರಿದನು. ಅವನು ದಿನಾ ಅದೇ ಬಸ್ಸಿನಲ್ಲಿ ನಿಂತುಕೊಂಡೇ ಬರುವವನು.

ಯುದ್ಧ ಮೊದಲಾಯಿತು. ಎರಡು ಕ್ಯುವೆಟ್ಟು, ಎರಡರಲ್ಲೂ ಅಷ್ಟೇ ಡಿಎನ್‌ಎ, ಅಷ್ಟೇ ಬಣ್ಣ, ಒಂದರಲ್ಲಿ ತಿಳಿನೀರು, ಇನ್ನೊಂದರಲ್ಲಿ ಜಂಗುಳಿ. ಜೋನಿಬೆಲ್ಲದಂತಿದ್ದ ಪಾಲಿಮರ್ ಪೈಪೆಟ್ಟಿನಿಂದ ಇಳಿಯಲೊಲ್ಲೆನೆಂದು ಹಟ ಹಿಡಿಯಿತು. ಶಿವಲೀಲೆ ಉಸಿರು ಬಿಗಿಹಿಡಿದು ಇಳಿಸಿದಳು. ಗುಳ್ಳೆಯೊಂದು ತಲೆ ಎತ್ತಿತು. ಉಗುರಿನಿಂದ ತಟ್ಟಿ ಸಂಹರಿಸಿದಳು. ಯಂತ್ರದ ಮುಚ್ಚಳ ಮುಚ್ಚಿತು, ಬೆಳಕಿನ ಅಂಕಿ ಮೂಡಿತು. ತಿಳಿನೀರು: ಇನ್ನೂರ ಹನ್ನೆರಡು. ಜಂಗುಳಿ: ಸಾವಿರದ ನಾನೂರ ಎಂಬತ್ತಾರು!

ಏಳು ಪಟ್ಟು! ದಿಗ್ಗಜಗಳು ಘೀಳಿಟ್ಟವು, ಮೂಲೆಯ ಫ್ರಿಜ್ಜು ಗುರ್ರೆಂದಿತು. ಶಿವಲೀಲೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪ್ರಹ್ಲಾದನು ನತಮಸ್ತಕನಾಗಿ ಸಿಂಕಿನತ್ತ ನಡೆದು ಬ್ರಷ್ಷು ಹಿಡಿದನು.

ಆಗ ಒಳಗೆ ಬಂದ ಕಟ್ಟಿ ಮೇಡಂ, ಕನ್ನಡಕ ಏರಿಸಿ ಅಂಕಿಯನ್ನು ನೋಡಿದರು.

"ಅದs ಕ್ಯುವೆಟ್ಟಿಗೆ ಬರೇ ನೀರ ಹಾಕಿ ನೋಡಿದೇನವಾ?"

ನೋಡಿರಲಿಲ್ಲ. ಖಾಲಿ ಮಾಡಿ ಬರಿಯ ನೀರು ತುಂಬಿ ಇಟ್ಟರು. ಬಣ್ಣವಿಲ್ಲ, ಡಿಎನ್‌ಎ ಇಲ್ಲ. ಆದರೂ ಸಾವಿರದ ಇನ್ನೂರ ನಲವತ್ತು.

"ಏನ ಹಾಕಿ ತೊಳದಿದ್ದಿ?"

ಶಿವಲೀಲೆಯ ಮುಖ ಬಿಳುಪೇರಿತು. ನಿನ್ನೆ ಆ ಒಂದು ಕ್ಯುವೆಟ್ಟಿನ ಪಾಲಿಮರ್ ಜಿಗುಟು ಏನು ಮಾಡಿದರೂ ಹೋಗಿರಲಿಲ್ಲ. ಲ್ಯಾಬಿನ ಸೋಪು ಮುಗಿದಿತ್ತು. ಹಾಸ್ಟೆಲಿನಿಂದ ಬಟ್ಟೆ ಒಗೆಯುವ ಪುಡಿ ತಂದು ಸುರಿದಿದ್ದಳು. ಒಮ್ಮೆ ಗಲಬರಿಸುವಷ್ಟರಲ್ಲಿ ನಲ್ಲಿ ಕೈಕೊಟ್ಟಿತ್ತು. ಬಿಳಿ ಬಟ್ಟೆ ಫಳಫಳಿಸಲೆಂದು ಆ ಪುಡಿಗೆ ಬೆರೆಸುವ ವಸ್ತುವೂ ಯಂತ್ರದ ಕಿರಣಕ್ಕೆ ನೀಲಿಯಾಗಿಯೇ ಬೆಳಗುತ್ತದೆ.

"ಬಟ್ಟೀ ಪುಡೀ ರೀ, ಮೇಡಂ."

ಪ್ರಹ್ಲಾದನ ಅಟ್ಟಹಾಸಕ್ಕೆ ಕಿಟಕಿಯ ಪಾರಿವಾಳಗಳು ಹಾರಿಹೋದವು. ಶಿವಲೀಲೆಗೆ ನಾಚಿಕೆಯಿಂದ ಕಣ್ಣು ತುಂಬಿತು. ನಾಲ್ಕನೆಯ ಅಧ್ಯಾಯ ಕೈಬಿಟ್ಟು ಹೋಗುತ್ತಿತ್ತು. ಆದರೂ ಕ್ಯುವೆಟ್ಟನ್ನೆತ್ತಿ, "ತೊಳದು ಮತ್ತ ಅಳೀತೀನ್ರಿ" ಅಂದಳು.

ಇಪ್ಪತ್ತು ಸಲ ತೊಳೆದಳು. ಬರಿಯ ನೀರಿಟ್ಟರೆ ಯಂತ್ರ ತೆಪ್ಪಗಿತ್ತು. ಹೊಸದಾಗಿ ಕಲಸಿ ಮೂರು ಸಲ ಅಳೆದಳು. ತಿಳಿನೀರು ಇನ್ನೂರ ಹನ್ನೆರಡರ ಆಸುಪಾಸು. ಜಂಗುಳಿ ಮೂರು ಸಲವೂ ಇನ್ನೂರ ಮೂವತ್ತರ ಮೇಲೆ.

"ಸಣ್ಣದದ, ಆದ್ರ ಖರೇ ಅದ," ಎಂದರು ಮೇಡಂ. "ಅಧ್ಯಾಯ ಇರ್ಲಿ."

ಶಿವಲೀಲೆ ವಿಜಯಭಾಷಣಕ್ಕೆ ಬಾಯಿ ತೆರೆದಳು. ಮೇಡಂ ಬಾಗಿಲಿನಿಂದಲೇ ತಿರುಗಿ, "ಬಟ್ಟೀ ಪುಡಿ ಹಾಕಿದಾಕಿನs ಒಂದು ತಿಂಗಳು ಎಲ್ಲಾರ ಕ್ಯುವೆಟ್ಟೂ ತೊಳೀಲಿ," ಎಂದು ಹೋದರು.

ಹೀಗೆ ಸಮರವಿಜಯಿನಿ, ಜಂಗುಳಿಮರ್ದಿನಿ ಶಿವಲೀಲೆಯು ಕೋಟಿನ ತೋಳು ಮಡಚಿ ಸಿಂಕಿನ ಮುಂದೆ ನಿಂತಳು. ಪರಾಜಿತ ಪ್ರಹ್ಲಾದನು ವಿನಯದಿಂದ ಬಂದು ಬ್ರಷ್ಷನ್ನು ಅವಳ ಕೈಗಿತ್ತನು.

"ನೀನs ಗೆದ್ದಿ ಬಿಡವಾ," ಎಂದು ತನ್ನ ಮೂರು ಕ್ಯುವೆಟ್ಟುಗಳನ್ನು ಸಾಲಾಗಿ ಇಟ್ಟನು. "ಇವನ್ನೂ ತೊಳದಬಿಡು. ಪುಡಿ ಬ್ಯಾಡ."

ಶಿವಲೀಲೆ ನಲ್ಲಿ ತಿರುಗಿಸಿದಳು. ನೀರು ಹೋಗಿತ್ತು.