ದೇವಿಯ ಹೂವೂ ಬಾರ್ಬರಾಳ ಮೊಲವೂ

ದೇವರಿಗೆಂದು ಹೂವು ಕದ್ದರೆ ಅದು ಕಳ್ಳತನವಲ್ಲ ಎಂದು ನಂಬಿಕೊಂಡೇ ಬೆಳೆದವನು ನಾನು. ಮೈಸೂರಿನಲ್ಲಿ ನಮ್ಮ ತಂದೆ ಬೆಳಗಿನ ವಾಕಿಂಗಿಗೆ ಪ್ಲಾಸ್ಟಿಕ್ ಚೀಲ ಹಿಡಿದೇ ಹೊರಡುತ್ತಿದ್ದರು; ಅವರು ಮನೆಗೆ ಮರಳುವಷ್ಟರಲ್ಲಿ ಬೀದಿಯ ಕಾಂಪೌಂಡುಗಳ ದಾಸವಾಳ, ಕಣಗಿಲೆ ಎಲ್ಲ ಬೋಳು. ಪಿತ್ರಾರ್ಜಿತವಾಗಿ ನನಗೆ ಬಂದದ್ದು ಈ ಕೈಚಳಕ ಒಂದೇ. ಕಡಲಾಚೆಯ ಈ ಥಾರ್ನ್‌ಹಿಲ್‌ಗೆ ಬಂದು ನೆಲೆಸಿ, ರಿಟೈರ್ ಆದಮೇಲೆ ಮನೆಯಲ್ಲಿ ಕೂತು ಹೆಂಡತಿ ಶಾರದೆಯ ತಲೆ ತಿನ್ನುವುದು ಬೇಡವೆಂದು, ಹತ್ತಿರದ ಹುಲ್ಲುಗಾವಲಿನಲ್ಲಿ ಶನಿವಾರದ ಸ್ವಯಂಸೇವಕನಾಗಿ ಸೇರಿಕೊಂಡೆ. ಈ ನೆಲದ್ದೇ ಆದ ಕಾಡುಹೂಗಳು ಉಳಿಯಲಿ ಎಂದು ಹೊರಗಿನಿಂದ ಬಂದು ಹಬ್ಬಿದ ಕಳೆಯನ್ನು ಕೀಳುವುದು ನಮ್ಮ ಕೆಲಸ. ನಮ್ಮ ಮುಂದಾಳು ಬಾರ್ಬರಾ, ಎಪ್ಪತ್ತು ದಾಟಿದ ಹೆಂಗಸು. ಹೊರಗಿನಿಂದ ಬಂದವನ ಕೈಗೇ ಹೊರಗಿನದನ್ನು ಕೀಳುವ ಕೆಲಸ ಕೊಟ್ಟಳಲ್ಲ, ಆ ದೊಡ್ಡ ಮನಸ್ಸಿಗೆ ನಾನು ಋಣಿ.

ಅಲ್ಲಿ ಬ್ಲೇಜಿಂಗ್ ಸ್ಟಾರ್ ಎಂಬ ನೇರಳೆ ಹೂವಿನ ಒಂದೇ ಒಂದು ಗಿಡವಿತ್ತು. ಅದು ಬೀಜ ಕಟ್ಟಿದರೆ ಹುಲ್ಲುಗಾವಲಿನ ತುಂಬ ಬಿತ್ತಬೇಕೆಂದು ಬಾರ್ಬರಾ ಮೂರು ವರ್ಷದಿಂದ ಕಾದಿದ್ದಳು. ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನವರಾತ್ರಿ ಬಂದಿತ್ತು, ದೇವಿಗೆ ಅಂಗಡಿಯ ಸೇವಂತಿಗೆ ಬಿಟ್ಟರೆ ಗತಿಯಿರಲಿಲ್ಲ. ಹೂವು ಅರ್ಧ ಒಣಗಿದ್ದರೇನು, ದೇವಿ ಬೇಡ ಅಂತಾಳಾ ಎಂದುಕೊಂಡು ಹೂತೆನೆಗಳನ್ನೆಲ್ಲ ಕತ್ತರಿಸಿ ಜರ್ಕಿನ್ನಿನೊಳಗೆ ಸೇರಿಸಿಬಿಟ್ಟೆ. ಮುಂದಿನ ಶನಿವಾರ ಬಾರ್ಬರಾ ಬೀಜಕ್ಕೆಂದು ತಂದ ಕಾಗದದ ಕವರ್ ಹಿಡಿದು ಬೋಳು ಗಿಡದ ಮುಂದೆ ನಿಂತಿದ್ದಳು. ಯಾರು ಹೀಗೆ ಮಾಡಿದ್ದು ಎಂದು ಕೇಳಿದಳು. ನನ್ನ ಬಾಯಿಂದ ಬಂದದ್ದು, "ಮೇ ಬಿ ರ‍್ಯಾಬಿಟ್?" ಛೆ! ಅವಳ ಕಣ್ಣು ಒದ್ದೆಯಾದದ್ದು ನೋಡಿ ನನಗೆ ಆ ದಿನ ಊಟ ಸೇರಲಿಲ್ಲ.

ಪೂಜೆ ಮುಗಿದ ಮೇಲೆ ಬಾಡಿದ ಹೂಗಳನ್ನು ಕಸದ ಡಬ್ಬಿಗೆ ಹಾಕಹೊರಟಿದ್ದೆ. "ನಿರ್ಮಾಲ್ಯನ ಗಾರ್ಬೇಜಿಗೆ ಹಾಕ್ತೀರಾ? ಯಾರೂ ತುಳೀದೆ ಇರೋ ಕಡೆ, ಬ್ಯಾಕ್‌ಯಾರ್ಡಲ್ಲಿ ಬೇಲಿ ಮೂಲೆಗೆ ಹಾಕಿ ಬನ್ನಿ" ಎಂದು ಶಾರದೆ ಗದರಿದಳು. ಹಾಕಿದೆ, ಹಿಮ ಬಿತ್ತು, ಮರೆತೆ. ಜೂನಿನಲ್ಲಿ ಬಾರ್ಬರಾಳನ್ನು ಕಾಫಿ, ಉಪ್ಪಿಟ್ಟಿಗೆ ಕರೆದಿದ್ದೆವು. ಕಳೆ ಕೀಳುವುದರಲ್ಲಿ ಪಳಗಿದ ನನ್ನ ಕೈ ತೋರಿಸೋಣವೆಂದು ಬೇಲಿ ಮೂಲೆಯ ಹುಲ್ಲಿಗೆ ಕೈ ಹಾಕಿದೆ. "ಸ್ಟಾಪ್!" ಎಂದು ಕಿರುಚಿ ಅವಳು ಮಂಡಿಯೂರಿ ಕೂತಳು. ಅದು ಹುಲ್ಲಲ್ಲ, ಬ್ಲೇಜಿಂಗ್ ಸ್ಟಾರ್ ಸಸಿಗಳು, ಮೂವತ್ತಾದರೂ ಇದ್ದವು. ಇವು ಇಲ್ಲಿಗೆ ಹೇಗೆ ಬಂದವು ಎಂದು ಕೇಳಿದ್ದೇ ತಡ, ಶಾರದೆ ನವರಾತ್ರಿಯ ಕಥೆಯನ್ನೆಲ್ಲ ಸಂಭ್ರಮದಿಂದ ಹೇಳಿಬಿಟ್ಟಳು. ಬಾರ್ಬರಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸೋ, ಯು ಆರ್ ದ ರ‍್ಯಾಬಿಟ್" ಎಂದಳು. ಆಮೇಲೆ ನಕ್ಕಳು. ಭೂಮಿ ಬಾಯಿಬಿಡಬಾರದೇ ಎಂದು ನಿಂತಿದ್ದ ನನಗೆ ಆ ನಗುವಿನಿಂದ ಹೋದ ಜೀವ ಬಂದಂತಾಯಿತು.

ಹೆಚ್ಚಿನ ಸಸಿಗಳು ಹುಲ್ಲುಗಾವಲಿಗೆ ಹೋದವು. ಈಗ ಆಗಸ್ಟ್ ಬಂತೆಂದರೆ ಅಲ್ಲಿ ನೇರಳೆಯೋ ನೇರಳೆ. ಐದನ್ನು ಮಾತ್ರ ಬಾರ್ಬರಾ ನಿಮ್ಮ ದೇವಿಗಿರಲಿ ಎಂದು ನಮ್ಮ ಬೇಲಿಯಲ್ಲೇ ಬಿಟ್ಟಳು. ಈ ವರ್ಷ ಅವೂ ಹೂಬಿಟ್ಟಿವೆ. ಮೊನ್ನೆ ಶಾರದೆ ಕತ್ತರಿ ಹಿಡಿದು ಬಂದಾಗ, "ಮುಟ್ಟಬೇಡ ಕಣೇ, ಬೀಜ ಕಟ್ಟಲಿ!" ಎಂದು ಕೂಗಿಕೊಂಡೆ.

"ದೇವರಿಗೆ ಕಣ್ರೀ" ಎಂದಳು.

"ದೇವರಿಗೆ ಅಂಗಡಿ ಸೇವಂತಿಗೆ ಸಾಕು" ಎಂದೆ.

ಮರುದಿನ ಬೆಳಿಗ್ಗೆ ನೋಡಿದರೆ ಎರಡು ತೆನೆ ಮಾಯ. ಯಾರೇ ಕಿತ್ತದ್ದು ಎಂದು ಕೇಳಿದೆ. ದೇವರ ಮುಂದೆ ದೀಪ ಹಚ್ಚುತ್ತಿದ್ದ ಶಾರದೆ ತಿರುಗಿಯೂ ನೋಡದೆ, "ಮೊಲ ಇರಬೇಕು" ಎಂದಳು.